ಏಳೂವರೆಯ ಹೊಂಗೆಮರ

"ದಿನಾ ಪೋಟೋ ತೆಗೀತಿದ್ರಂತಲ್ಲ ಟೀಚರಮ್ಮ, ಒಂದಾರ ಇರ್ತದೆ. ಚೆನ್ನಾಗಿ ನೋಡಿ," ಎಂದಳು ಕೆಂಚಮ್ಮ.

ಕುರ್ಚಿ ತೋರಿಸಿದರೂ ಕೂರದೆ, ಬಾಗಿಲ ಚೌಕಟ್ಟಿಗೆ ಒರಗಿ ನೆಲದಲ್ಲೇ ಕೂತಿದ್ದಳು. ಗಂಡ ಮೂಗಯ್ಯ ಎದೆನೋವೆಂದು ಮಲಗಿದವನು ಮತ್ತೆ ಏಳದೆ ಅಂದಿಗೆ ಒಂಬತ್ತು ದಿನ. ನಾಳಿದ್ದು ತಿಥಿ. ಮಗ ಪುನೀತ್ ಫ್ಲೆಕ್ಸ್ ಮಾಡಿಸಲು ಹೊರಟರೆ ಮನೆಯಲ್ಲಿ ಇದ್ದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ.

"ಅದ್ರಲ್ಲಿ ನಮ್ಮೋರು ಕುರಿ ಕದ್ದು ಸಿಕ್ಕಾಕಂಡೋರಂಗವ್ರೆ ಕಣಮ್ಮ. ಅದ್ನ ಊರ್ ಮುಂದೆ ಎಂಗ್ ಕಟ್ಟೋದು? ಆಮೇಲೆ ನೆಪ್ಪಾಯ್ತು, ಅಯ್ಯೋ ಟೀಚರಮ್ಮನ ತಾವ ಬೇಕಾದಷ್ಟು ಅವಲ್ಲ ಅಂತ. ಮೊದಲ್ನೇ ಬಸ್ಸಿಗೇ ಬಂದ್ಬುಟ್ಟೆ."

ಅಮಲಮೇರಿ ಫೋನು ಹಿಡಿದುಕೊಂಡು ನಿಂತೇ ಇದ್ದಳು.

ಅವಳ ಗಂಡ ಎಡ್ವಿನ್ ಹೋಗಿ ಹನ್ನೊಂದು ತಿಂಗಳು ದಾಟಿತ್ತು. ಮಣ್ಣು ಮಾಡಿ ಬಂದ ಮರುದಿನ, ಏನು ಮಾಡುವುದೆಂದು ತೋಚದೆ ಗೇಟಿನ ಹತ್ತಿರ ನಿಂತವಳು ಎದುರಿಗಿದ್ದ ಹೊಂಗೆಮರದ ಒಂದು ಫೋಟೋ ತೆಗೆದಿದ್ದಳು. ಮಗಳು ಸ್ಟೆಫಿ ಚಿಕ್ಕವಳಿದ್ದಾಗ ಚರ್ಚಿನಲ್ಲಿ ಮೊದಲ ಪರಮಪ್ರಸಾದ ಪಡೆದ ದಿನ ಎಡ್ವಿನ್ ನೆಟ್ಟ ಗಿಡ ಅದು. ಅದರ ಮರುದಿನವೂ ಅಮ್ಮ ಅಲ್ಲೇ ನಿಂತು ತೆಗೆದದ್ದನ್ನು ಕಂಡು ಸ್ಟೆಫಿಯೇ ಹೇಳಿದಳು: "ನಿಲ್ಲಿಸ್ಬೇಡಮ್ಮ. ಡ್ಯಾಡಿ ವರ್ಷದ ಪೂಜೆ ತನಕ ದಿನಾ ಒಂದು ತೆಗಿ. ಒಂದೇ ಜಾಗ, ಒಂದೇ ಟೈಮು. ಆಲ್ಬಮ್ ಮಾಡಿಸಿ ಅವತ್ತು ಡ್ಯಾಡಿ ಫೋಟೋ ಮುಂದೆ ಇಡೋಣ." ಏಳೂವರೆಗೆ ಅಲಾರಂ ಕೂಡ ಅವಳೇ ಇಟ್ಟುಕೊಟ್ಟಳು. ಶಾಲೆಗೆ ಹೊರಡುವ ಮುಂಚೆ ಅಮಲಮೇರಿಗೆ ಅದೊಂದು ಕೆಲಸವಾಯಿತು. ಜ್ವರ ಬಂದ ದಿನವೂ ಶಾಲು ಹೊದ್ದು ಗೇಟಿಗೆ ಬಂದಿದ್ದಳು.

ಆ ಮರದ ಕೆಳಗೇ ಮೂಗಯ್ಯನ ಇಸ್ತ್ರಿ ಬಂಡಿ. ಮಂಡಕಳ್ಳಿಯಿಂದಾಚೆಯ ಹಳ್ಳಿಯಿಂದ ಸೈಕಲ್ ತುಳಿದು ಬಂದು, ಏಳಕ್ಕೆಲ್ಲ ಇದ್ದಿಲು ಹೊತ್ತಿಸಿರುತ್ತಿದ್ದ. ಮೊದಮೊದಲು ಅವಳು "ಮೂಗಯ್ಯ, ಒಂಚೂರು ಆ ಕಡೆಗೆ" ಎಂದು ಕೇಳಬೇಕಾಗುತ್ತಿತ್ತು. ಬರುಬರುತ್ತ ಗೇಟಿನ ಸದ್ದು ಕೇಳಿದರೆ ಸಾಕು, ಚಕ್ರಕ್ಕೆ ಕೊಟ್ಟ ಇಟ್ಟಿಗೆಯನ್ನು ಕಾಲಿನಿಂದ ಜರುಗಿಸಿ, ಬಂಡಿಯನ್ನು ಎರಡು ಮಾರು ಆಚೆ ತಳ್ಳಿ, ತಾನೂ ಅದರ ಹಿಂದೆ ನಿಂತುಬಿಡುತ್ತಿದ್ದ. ಒಮ್ಮೆ ಕೇಳಿಯೂ ಇದ್ದ.

"ಮರಕ್ಕೇ ಇಷ್ಟೊಂದು ಉಪಚಾರ. ನಮ್ದು ಯಾವಾಗ ಟೀಚರಮ್ಮ?"

"ಕೊನೇ ದಿನ ನಿಮ್ದೇ ಮೂಗಯ್ಯ. ಒಳ್ಳೇ ಶರ್ಟ್ ಹಾಕ್ಕೊಂಡು ಬನ್ನಿ."

"ಅದೇ ಕಷ್ಟ ನೋಡಿ. ಬೀದಿ ಬಟ್ಟೆಗೆಲ್ಲ ಇಸ್ತ್ರಿ ಆಕ್ತೀನಿ, ನನ್ ಶರ್ಟು ಮಾತ್ರ ಮುದುರ್ಕಂಡೇ ಇರ್ತದೆ."

ಇಬ್ಬರೂ ನಕ್ಕಿದ್ದರು. ಆ ಕೊನೆಯ ದಿನಕ್ಕೆ ಈಗ ಇನ್ನೂ ಮೂರು ವಾರ ಉಳಿದಿತ್ತು.

ಫೋನು ಕೆಟ್ಟು ಎಲ್ಲ ಅಳಿಸಿಹೋಯಿತು ಎಂದುಬಿಡಬಹುದಿತ್ತು. ಮಾತು ನಾಲಿಗೆಯವರೆಗೂ ಬಂತು. ಆದರೆ ಕೆಂಚಮ್ಮ ಕಣ್ಣು ಮಿಟುಕಿಸದೆ ಫೋನನ್ನೇ ನೋಡುತ್ತಿದ್ದಳು. ಅಮಲಮೇರಿ ಅವಳೆದುರು ನೆಲದಲ್ಲಿ ಕೂತಳು.

"ಕೆಂಚಮ್ಮ, ಇದ್ರಲ್ಲಿ ಅವರಿಲ್ಲ."

"ಇಲ್ಲ ಅಂದ್ರೆ? ಅಳಿಸ್ಬುಟ್ರಾ?"

"ಅಳಿಸಿಲ್ಲ. ತೆಗೆದೇ ಇಲ್ಲ. ಮರ ಪೂರ್ತಿ ಕಾಣ್ಲಿ ಅಂತ ದಿನಾ ಅವರನ್ನ ಪಕ್ಕಕ್ಕೆ ನಿಲ್ಲಿಸ್ತಿದ್ದೆ."

ಕೆಂಚಮ್ಮ ಫೋನಿನಿಂದ ಕಣ್ಣು ತೆಗೆದು ಅವಳ ಮುಖ ನೋಡಿದಳು.

"ಮತ್ತೆ ನಮ್ಮೋರು ಅಂತಿದ್ರಲ್ಲ? ಏಳೂವರೆಗೆ ನನ್ ಪೋಟೋ ಅದೆ, ಟೀಚರಮ್ಮ ಕಾಯ್ತಾ ಇರ್ತಾರೆ ಅಂತ? ಕಾಪಿನೂ ಪೂರ್ತಿ ಕುಡೀದೆ ಓಡೋರು. ಕನ್ನಡಿ ಮುಂದೆ ನಿಂತ್ಕಂಡು ಮೀಸೆ ಬಾಚ್ಕಳೋರು. ಈ ವಯಸ್ನಲ್ಲಿ ಯಾವಳ್ಗೆ ತೋರ್ಸಕೆ ಅಂತ ನಾನೇ ಬೈತಿದ್ದೆ."

ಒಳಗೆ ಕಾಲೇಜಿಗೆ ಹೊರಡುತ್ತಿದ್ದ ಸ್ಟೆಫಿಯ ಓಡಾಟದ ಸದ್ದು ನಿಂತಿತು.

"ಓಗ್ಲಿ, ತೋರ್ಸಿ," ಎಂದಳು ಕೆಂಚಮ್ಮ.

ಮುನ್ನೂರ ನಲವತ್ತೆರಡು ಇದ್ದವು. ಒಂದೊಂದಾಗಿ ಸರಿದವು. ಮರ ಎಲೆ ಉದುರಿಸಿತು, ಚಿಗುರಿತು, ಹೂ ಬಿಟ್ಟಿತು, ಫುಟ್‌ಪಾತಿನ ತುಂಬ ಹೂ ಚೆಲ್ಲಿತು. ಅಮಲಮೇರಿ ಮರವನ್ನು ನೋಡುತ್ತಿದ್ದಳು. ಕೆಂಚಮ್ಮ ಅಂಚುಗಳನ್ನು ನೋಡುತ್ತಿದ್ದಳು.

"ಇದು ಅವ್ರ ಟವಲ್ಲು, ಕೊಂಬೆ ಮೇಲೆ. ಇದು ಸೈಕಲ್ ಚಕ್ರ. ಇದೇನು, ಹೊಗೆಯಾ? ಇದ್ದಿಲು ಅಸಿ ಇದ್ರೆ ಇಂಗೇ ಆಗೋದು."

ಇವೆಲ್ಲ ತನ್ನ ಫೋಟೋಗಳಲ್ಲಿ ಇವೆಯೆಂದು ಅಮಲಮೇರಿಗೆ ಗೊತ್ತಿರಲಿಲ್ಲ. ಬೇಸಿಗೆಯ ಒಂದು ಫೋಟೋದಲ್ಲಿ ಕೆಂಚಮ್ಮ ಅವಳ ಮೊಣಕೈ ಹಿಡಿದು ಅಲುಗಿಸಿದಳು. ಕಾಂಪೌಂಡ್ ಗೋಡೆಯ ಮೇಲೆ ಒಂದು ನೆರಳು ಬಿದ್ದಿತ್ತು.

"ಇಲ್ನೋಡಿ, ಇಲ್ನೋಡಿ! ಕಿವಿ! ಮೊರದಂಗೆ! ಅವ್ರೇ ಕಣಮ್ಮ ಇದು, ನಮ್ಮೋರೇ!" ಎಂದು ಜೋರಾಗಿ ನಕ್ಕಳು. ಅಮಲಮೇರಿ ಎರಡು ಬೆರಳಿನಿಂದ ದೊಡ್ಡದು ಮಾಡಿದಳು. ನೆರಳು ಗೋಡೆಯ ಬಣ್ಣದಲ್ಲಿ ಕಲಸಿಹೋಯಿತು. ಕೆಂಚಮ್ಮನ ನಗು ಅಲ್ಲಿಗೇ ಇಳಿಯಿತು. "ನೆರಳ್ನ ಪ್ಲೆಕ್ಸಿಗೆ ಆಕಕ್ಕಾಯ್ತದಾ. ಬುಡಿ."

ಕಡೆಯ ಒಂಬತ್ತು ಫೋಟೋಗಳಿಗೆ ಬಂದಾಗ ಅವಳ ಬೆರಳು ನಿಂತಿತು.

"ಇವ್ಯಾಕೆ ಒಂಥರಾ ವಾಲ್ಕಂಡವೆ?"

ಮೂಗಯ್ಯ ಬಾರದ ಮೊದಲ ದಿನ, ಅವನು ರಜೆ ಹಾಕಿದ್ದಾನೆಂದುಕೊಂಡಿದ್ದಳು ಅಮಲಮೇರಿ. ಹಾಲಿನವನು ವಿಷಯ ಹೇಳಿದ ಮೇಲೂ ಎದುರು ಬದಿಗೆ ದಾಟಿ, ಓರೆಯಾಗಿ ನಿಂತು ತೆಗೆದಿದ್ದಳು.

"ಬಂಡಿ ಅಡ್ಡ ಬರ್ತಿತ್ತು," ಎಂದಳು ಅಮಲಮೇರಿ. ಆ ಮಾತು ಅವಳಿಗೇ ಸರಿಯಾಗಿ ಕೇಳಿಸದಷ್ಟು ಮೆಲ್ಲಗಿತ್ತು.

ಕೆಂಚಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಟ್ರಂಕ್ನಲ್ಲಿ ಬಿಳೀ ಶರ್ಟೊಂದ ಇಸ್ತ್ರಿ ಆಕಿ ಮಡ್ಗಿದ್ರು. ಯಾವ ಮದ್ವೆಗೋ ಏನೋ. ಮಣ್ಗೆ ಓಗುವಾಗ ಅದ್ನೇ ಆಕುದ್ವು."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಏಳೂವರೆ.

ಕೆಂಚಮ್ಮ ಮಂಡಿ ಹಿಡಿದು ಎದ್ದಳು. "ಒತ್ತಾಯ್ತಲ್ಲ, ಬನ್ನಿ ಬನ್ನಿ. ಒಂದ್ ದಿನಾನೂ ತಪ್ಪಬಾರ್ದು ಅಂತಿದ್ರು ನಮ್ಮೋರು."

ಬೀದಿಯಲ್ಲಿ ಎಳೆಬಿಸಿಲಿತ್ತು. ನೀಲಿ ಟಾರ್ಪಾಲು ಹೊದ್ದ ಬಂಡಿ ಮರದ ಬುಡಕ್ಕೆ ಅಡ್ಡವಾಗಿ ನಿಂತಿತ್ತು, ಟಾರ್ಪಾಲಿನ ತುಂಬ ಒಣಎಲೆ. ಕೆಂಚಮ್ಮ ದಾಟಿಹೋಗಿ ಅದರ ಮೇಲೊಮ್ಮೆ ಕೈಯಾಡಿಸಿದಳು.

"ಅಲ್ಲೇ ನಿಂತ್ಕೊಳ್ಳಿ ಕೆಂಚಮ್ಮ," ಗೇಟಿನಿಂದ ಅಮಲಮೇರಿ ಕೂಗಿದಳು. "ಬಂಡಿ ಪಕ್ಕ. ನಿಮ್ದೊಂದು ತೆಗೀತೀನಿ."

"ನಾನ್ಯಾಕಮ್ಮ ಅಡ್ಡ? ಯಜಮಾನ್ರು ನೆಟ್ಟ ಮರ, ಅದ್ನ ತಕ್ಕಳಿ."

ಎನ್ನುತ್ತಲೇ ಬಗ್ಗಿ ಚಕ್ರದಡಿಯ ಇಟ್ಟಿಗೆ ತೆಗೆದಳು. ಸೆರಗು ಸಿಕ್ಕಿಸಿ, ಹೆಗಲು ಕೊಟ್ಟು ನೂಕಿದಳು. ಬಂಡಿ ಕಿರ್ರೆಂದು ಕದಲಿತು, ಒಳಗಿದ್ದ ಇಸ್ತ್ರಿಪೆಟ್ಟಿಗೆ ಲೊಟಕ್ಕೆಂದಿತು. ಎರಡು ಮಾರು ಆಚೆ ನಿಲ್ಲಿಸಿ, ತಾನೂ ಅದರ ಹಿಂದೆ ಸರಿದಳು.

"ಈಗ ಕಾಣ್ತದಾ?"

ಬುಡದಿಂದ ತುದಿಯವರೆಗೆ ಮರ ಕಂಡಿತು. ಅಮಲಮೇರಿ ಫೋನನ್ನು ಗೇಟಿನ ಕಂಬದ ಮೇಲಿಟ್ಟು ರಸ್ತೆ ದಾಟಿದಳು. ಬಂಡಿಯ ಒಂದು ಕೊನೆ ಹಿಡಿದು ಹಿಂದಕ್ಕೆ ಎಳೆಯತೊಡಗಿದಳು. ಕೆಂಚಮ್ಮ ಒಂದು ಕ್ಷಣ ನೋಡಿ, ಇನ್ನೊಂದು ಕೊನೆಗೆ ಕೈ ಹಚ್ಚಿದಳು. ಇಷ್ಟು ದಿನ ಬಂಡಿ ನಿಂತಿದ್ದ ಜಾಗದಲ್ಲಿ ಎಲೆ ಬೀಳದ ನೆಲ ಚೌಕವಾಗಿ ಕಾಣುತ್ತಿತ್ತು. ಚಕ್ರ ಅಲ್ಲಿಗೆ ಬಂದು ನಿಂತಿತು. ಅಮಲಮೇರಿ ಎಲೆಗಳ ನಡುವೆ ತಡಕಿ ಇಟ್ಟಿಗೆಯನ್ನು ಹುಡುಕಿ, ಮಂಡಿಯೂರಿ, ಅದನ್ನು ಚಕ್ರದಡಿಗೆ ಒತ್ತಿ ಕೂರಿಸಿದಳು.