ಅರ್ಧ ಹೂವು

ಅಚ್ಚಿನಿಂದ ಬಿಡಿಸುತ್ತಿದ್ದ ಹಾಗೆಯೇ ಗಾರೆಯ ಹೂವು ಬಿರುಕು ಬಿಟ್ಟು, ಮೇಸ್ತ್ರಮ್ಮನ ಕೈಯಲ್ಲಿ ಎರಡು ಹೋಳಾಯಿತು. ಸಭಾಂಗಣದಲ್ಲಿದ್ದ ಕೆಲಸಗಾರರೆಲ್ಲ ಒಂದು ಗಳಿಗೆ ಕೈ ನಿಲ್ಲಿಸಿದರು. ಅವಳು ಹೋಳುಗಳನ್ನು ಹಲಗೆಯ ಮೇಲಿಟ್ಟು, ಬಟ್ಟೆಗೆ ಕೈ ಒರೆಸಿಕೊಂಡಳು.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕಟ್ಟಿದ ಪುರಸಭೆಯ ಕಟ್ಟಡ ಅದು. ಬಂದವರೆಲ್ಲ ಬಣ್ಣದ ಮೇಲೆ ಬಣ್ಣ ಬಳಿದು, ಗೋಡೆಯಂಚಿನ ಬಳ್ಳಿ ಯಾವುದು ಎಲೆ ಯಾವುದು ಗುರುತು ಸಿಗದಂತಾಗಿತ್ತು. ಪದರ ಪದರವಾಗಿ ಕೆರೆದು, ಎಲೆಯ ನರ ಕಾಣುವಂತೆ ಮಾಡಿದ್ದು ಮೇಸ್ತ್ರಮ್ಮನ ತಂಡ. ಉಳಿದದ್ದು ಛಾವಣಿಯ ನಟ್ಟನಡುವಿನ ದೊಡ್ಡ ಹೂವೊಂದೇ. ಮಳೆನೀರು ಸೋರಿ ಅದರ ಅರ್ಧ ಎಂದೋ ಉದುರಿಹೋಗಿತ್ತು.

ಇದ್ದ ಅರ್ಧವನ್ನೂ ಕಿತ್ತು, ಅಂಗಡಿಯಲ್ಲಿ ಸಿಗುವ ಸಿದ್ಧ ಹೂವನ್ನು ಅಂಟಿಸಿಬಿಡೋಣ ಎಂದಿದ್ದರು ಎಂಜಿನಿಯರು. ಕೆಟ್ಟ ಮನುಷ್ಯರಲ್ಲ, ಉದ್ಘಾಟನೆ ತಲೆಯ ಮೇಲೆ ಬಂದು ಕೂತಿತ್ತು. ಹಳೆಯ ಅರ್ಧಕ್ಕೆ ಜೋಡಿಯಾದ ಇನ್ನರ್ಧವನ್ನು ತಾನೇ ಎರಕ ಹೊಯ್ಯುತ್ತೇನೆ ಎಂದು ಪಟ್ಟು ಹಿಡಿದವಳು ಮೇಸ್ತ್ರಮ್ಮ. ಈಗ ಹೋಳುಗಳನ್ನು ನೋಡಿ ಎಂಜಿನಿಯರು ಬೈಯಲಿಲ್ಲ. ಇನ್ನೊಂದು ಸಲ ನೋಡೋಣ, ಆಗದಿದ್ದರೆ ಅಂಗಡಿಯದೇ ಗತಿ ಎಂದಷ್ಟೇ ಹೇಳಿ ಹೊರಟುಹೋದರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಮನೆಯಲ್ಲಿ ಅತ್ತೆ. ಊರವರ ಬಟ್ಟೆ ಒಗೆದು ಸಂಸಾರ ದಡ ಮುಟ್ಟಿಸಿದ ಹೆಂಗಸು. ಸೊಸೆ ಬೊಂಬಿನ ಸಾರುವೆ ಹತ್ತುವುದು ಅವಳಿಗೆ ಮೊದಲಿನಿಂದಲೂ ನುಂಗಲಾರದ ತುತ್ತು. ಮಗ ಒಪ್ಪಿದ ಮೇಲೆ ಬಾಯಿಗೆ ಬೀಗ ಹಾಕಿಕೊಂಡಿದ್ದಳೇ ಹೊರತು, ಕೆಲಸ ಹೇಗೆ ನಡೆದಿದೆ ಎಂದು ಕೇಳಿದವಳಲ್ಲ. ಎಲೆಗಳಿಗೆ ಚಿನ್ನದ ರೇಕು ಹಚ್ಚಿದ ದಿನ ಸೊಸೆಯ ಹುಬ್ಬಿನಲ್ಲಿ ಹೊಳಪು ಕಂಡು, ಜನ ಚಿನ್ನವನ್ನು ಕೊರಳಿಗೆ ಹಾಕಿಕೊಳ್ಳುತ್ತಾರೆ, ನೀನು ಮುಖಕ್ಕೇ ಮೆತ್ತಿಕೊಂಡು ಬಂದೆಯಲ್ಲ ಎಂದದ್ದೇ ಹೆಚ್ಚು.

ಹೂವು ಒಡೆದ ರಾತ್ರಿ ಸೊಸೆ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತದ್ದು ಅತ್ತೆಯ ಕಣ್ಣಿಗೆ ಬಿತ್ತು. ಏನಾಯಿತೆಂದು ಕೇಳಿದಳು. ಸೊಸೆ ಹೇಳಿಕೊಂಡಳು.

"ಒಡೆದಿದ್ದು ಸುಣ್ಣ ತಾನೆ? ನಿನ್ನ ಕೈ ಅಲ್ವಲ್ಲ," ಎಂದಳು ಅತ್ತೆ. ತಟ್ಟೆಗೆ ಇನ್ನಷ್ಟು ಬಡಿಸಿ, "ಅಷ್ಟು ದೊಡ್ಡದನ್ನ ಯಾಕೆ ಒಂದೇ ಸಲಕ್ಕೆ ಮಾಡೋಕೆ ಹೋದೆ? ನೆಂದ ಕಂಬಳೀನ ಯಾರಾದ್ರೂ ಒಂದೇ ಹಿಡೀಲಿ ಹಿಂಡ್ತಾರಾ?"

ಸೊಸೆಗೆ ನಗು ಬಂತು. ಆಮೇಲೆ ನಗು ನಿಂತು, ಅವಳ ಬೆರಳು ತಟ್ಟೆಯ ಅಂಚಿನಲ್ಲಿ ಒಂದೊಂದೇ ಎಸಳು ಬರೆಯತೊಡಗಿತು.

ಮರುದಿನ ಅವಳು ದೊಡ್ಡ ಅಚ್ಚನ್ನು ಮೂಲೆಗಿಟ್ಟಳು. ಹಳೆಯ ಅರ್ಧದ ಒಂದೊಂದು ಎಸಳಿಗೂ ಬೇರೆ ಬೇರೆ ಅಚ್ಚು ತೆಗೆದು, ಬಿಡಿಬಿಡಿಯಾಗಿ ಎರಕ ಹೊಯ್ದಳು. ಒಂದೂ ಬಿರಿಯಲಿಲ್ಲ. ತಾಮ್ರದ ತಂತಿ ಬಿಗಿದು, ಹಸಿ ಗಾರೆಯಲ್ಲಿ ಕೂರಿಸಿ, ಕಚ್ಚಿಕೊಳ್ಳುವವರೆಗೆ ಪ್ರತಿಯೊಂದನ್ನೂ ತಲೆಯೆತ್ತಿ ಅಂಗೈಯಲ್ಲಿ ಒತ್ತಿ ಹಿಡಿದಳು. ತೋಳು ಮರಗಟ್ಟಿದರೂ ಆ ಕೆಲಸ ಬೇರೆಯವರಿಗೆ ಬಿಡಲಿಲ್ಲ. ಕೊನೆಯ ಎಸಳು ಕೂತ ಮೇಲೆ ಎಂಜಿನಿಯರು ಸಾರುವೆ ಹತ್ತಿ ಬಂದು, ಹಳೆಯದಕ್ಕೂ ಹೊಸದಕ್ಕೂ ಬೆಸುಗೆ ಎಲ್ಲಿದೆಯೆಂದು ಟಾರ್ಚು ಬಿಟ್ಟು ಹುಡುಕಿದರು.

"ಅಂಗಡಿಯವನಿಗೆ ಬೇಡ ಅಂತ ಹೇಳ್ಬಿಡ್ತೀನಿ," ಎಂದರು.

ಉದ್ಘಾಟನೆಯ ಹಿಂದಿನ ದಿನ ಕೆಲಸಗಾರರ ಮನೆಯವರನ್ನು ಒಳಗೆ ಬಿಟ್ಟರು. ಇಷ್ಟು ವರ್ಷ ನೀರಿನ ಕಂದಾಯ ಕಟ್ಟಲು ಹೊರಗಿನ ಕಿಟಕಿಯ ಮುಂದಷ್ಟೇ ಸಾಲು ನಿಂತು ಹೋಗುತ್ತಿದ್ದ ಅತ್ತೆ ಸಭಾಂಗಣಕ್ಕೆ ಕಾಲಿಟ್ಟದ್ದು ಅದೇ ಮೊದಲು. ನಿನ್ನದು ಯಾವುದು ಎಂದು ಕೇಳಿದಳು. ಸೊಸೆ ಮೇಲೆ ಕೈ ತೋರಿಸಿದಳು. ಜೀವಮಾನವೆಲ್ಲ ಒಗೆಯುವ ಕಲ್ಲಿನ ಮೇಲೆ ಬಗ್ಗಿದ್ದ ಕತ್ತು ಹಿಂದಕ್ಕೆ ವಾಲಲೊಲ್ಲದು. ಕುರ್ಚಿಗೆ ಒರಗಿ ನೋಡಿದಳು, ಆಗಲಿಲ್ಲ. ಕೊನೆಗೆ ಮೊಣಕಾಲು ಹಿಡಿದು ನೆಲಕ್ಕೆ ಕೂತು, ಹೊಳೆಯುವ ನೆಲದ ನಡುಮಧ್ಯೆ ಅಂಗಾತ ಮಲಗಿಯೇಬಿಟ್ಟಳು. ಕಾವಲುಗಾರ ಧಾವಿಸಿದ, ಎಂಜಿನಿಯರು ಅವನ ತೋಳು ಹಿಡಿದು ನಿಲ್ಲಿಸಿದರು. ಸೊಸೆ ಸುತ್ತ ನೋಡಿ, ತಾನೂ ಪಕ್ಕದಲ್ಲಿ ಮಲಗಿದಳು.

"ನಿಂದು ಯಾವ ಅರ್ಧ?"

"ನೀವೇ ಹೇಳಿ ಅತ್ತೆ."

ಅತ್ತೆ ಎಸಳಿಂದ ಎಸಳಿಗೆ ಬೆರಳು ತೋರಿಸುತ್ತ ಹೋಗಿ, ಮೊದಲಿನದಕ್ಕೇ ಬಂದು ನಿಂತಳು.

"ಪೂರ್ತಿ ನಂದೇ ಅನ್ನು," ಎಂದಳು. "ಯಾವನು ಇಲ್ಲ ಅಂತಾನೆ ನೋಡ್ತೀನಿ."

ಯಾರೋ ಗೊಂಚಲು ದೀಪ ಹಾಕಿದರು. ಅತ್ತೆ ಕಣ್ಣಿಗೆ ಅಂಗೈ ಅಡ್ಡ ಹಿಡಿದಳು; ಏಳಲಿಲ್ಲ.