ಮೂರು ಸೆಕೆಂಡಿನ ಮೀನು

ಅವಳಿಗೆ ವಾದದ ಚಟ ಅಂಟಿದ್ದು ಗಿರಾಕಿಗಳಿಂದ. ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು, ಕಿವಿ ಹಿಂದೆ ಒತ್ತುವ ಕಡ್ಡಿಯನ್ನು ಬಿಸಿ ಗಾಳಿಗೆ ಹಿಡಿದು ಬಗ್ಗಿಸುವುದು ಅವಳ ಕೆಲಸ. ಕನ್ನಡಕ ಮೂಗಿನ ಮೇಲೆ ಕೂತಿತೋ ಇಲ್ಲವೋ, ಎದುರಿಗಿದ್ದವರು ಕೇಳಿಬಿಡುತ್ತಿದ್ದರು: "ಇದನ್ನ ಹಾಕ್ಕೊಂಡಷ್ಟೂ ಕಣ್ಣು ಸೋಮಾರಿ ಆಗುತ್ತಂತೆ, ಹೌದಾ?" ಇಲ್ಲ ಅಂದರೆ ನಂಬುತ್ತಿರಲಿಲ್ಲ. ಬಿಡಿಸಿ ಹೇಳಲು ಹೋದರೆ ಮಾಲೀಕರು ಹೊರಗಿನಿಂದ ಕೆಮ್ಮುತ್ತಿದ್ದರು. ವಾದದಲ್ಲಿ ಸೋತ ಗಿರಾಕಿ ಮತ್ತೆ ಈ ಕಡೆ ತಲೆ ಹಾಕಲ್ಲ ಅನ್ನುವುದು ಅವರ ಲೆಕ್ಕ.

ಬಾಯಿಗೆ ಬಂದದ್ದನ್ನು ನುಂಗಿಕೊಂಡರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನದ ಬಿಡುವಿನಲ್ಲಿ ಫೋನು ತೆಗೆದು 'ನಂಬಿದ್ದೇ ಬೇರೆ' ಅನ್ನುವ ಗುಂಪಿಗೆ ಇಳಿಯುತ್ತಿದ್ದಳು. ಅಲ್ಲಿ ಯಾರಿಗೂ ಯಾರ ಮುಖವೂ ಗೊತ್ತಿಲ್ಲ. ಬೋಳಿಸಿದರೆ ಕೂದಲು ದಪ್ಪಗೆ ಬೆಳೆಯುತ್ತೆ ಅಂತ ಒಬ್ಬರು, ನೆಟಿಗೆ ಮುರಿದರೆ ಕೀಲು ಸವೆಯುತ್ತೆ ಅಂತ ಇನ್ನೊಬ್ಬರು. ಅವಳು ಒಂದೊಂದಕ್ಕೂ ಕೂತು ಉತ್ತರ ಬರೆಯುತ್ತಿದ್ದಳು. ಗುಂಪಿನಲ್ಲಿ ಅವಳನ್ನು ಎಲ್ಲರೂ ಕನ್ನಡಕದಕ್ಕ ಅನ್ನುತ್ತಿದ್ದರು.

ಅವಳಿಗೆ ಅಲ್ಲಿ ಸರಿಸಮ ಅಂತ ಇದ್ದದ್ದು ಒಬ್ಬರೇ. ಹೆಸರು ಮೊಂಡುಪೆನ್ಸಿಲ್. ಚಿತ್ರದ ಜಾಗದಲ್ಲಿ ಹಿಂಬದಿ ಕಚ್ಚಿದ ಪೆನ್ಸಿಲ್ಲು. ಗಂಡಸೋ ಹೆಂಗಸೋ, ಪ್ರಾಯವೆಷ್ಟೋ ಯಾರಿಗೂ ತಿಳಿಯದು. ಹೆಸರಿಗೆ ತಕ್ಕ ಹಾಗೆ ಹಿಡಿದ ಪಟ್ಟು ಬಿಡುವ ಪೈಕಿಯಲ್ಲ. "ಎಲ್ಲೋ ಓದಿದ್ದೀನಿ ಅಂತ ಹೇಳಬೇಡಿ, ತೋರಿಸಿ" ಅನ್ನುವುದೊಂದೇ ಅದರ ಮಾತು.

ಆ ಸಲ ಜಗಳ ಹತ್ತಿದ್ದು ಮೀನಿನ ಮೇಲೆ. ಗೋಲ್ಡ್‌ಫಿಶ್ಶಿಗೆ ಮೂರು ಸೆಕೆಂಡಿನ ಮೇಲೆ ಏನೂ ನೆನಪಿರುವುದಿಲ್ಲ, ಅದಕ್ಕೇ ಅಂಗೈ ಅಗಲದ ನೀರಿನಲ್ಲಿ ಬೇಸರವಿಲ್ಲದೆ ಸುತ್ತುತ್ತೆ ಅಂತ ಯಾರೋ ಬರೆದರು. ಅದು ಶುದ್ಧ ಸುಳ್ಳು, ತಿಂಗಳುಗಟ್ಟಲೆ ನೆನಪಿಟ್ಟುಕೊಳ್ಳುತ್ತೆ ಅಂತ ಅವಳು ಬರೆದಳು. "ನೀವು ಕಣ್ಣಾರೆ ಕಂಡಿದ್ದೀರಾ?" ಅಂತ ಪೆನ್ಸಿಲ್ ಅಡ್ಡ ಬಂತು.

ಕಾಣಿಸಲು ಅವಳ ಮನೆಯಲ್ಲೇ ಅಂಥದ್ದೇ ಒಂದು ಮೀನಿತ್ತು. ನಾದಿನಿ ಮನೆ ಬದಲಾಯಿಸುವಾಗ ಗಾಜಿನ ತೊಟ್ಟಿ ಸಮೇತ ತಂದಿಟ್ಟು, "ಅತ್ತಿಗೆ, ಒಂದು ವಾರ ಅಷ್ಟೇ" ಅಂದವಳು ಆಮೇಲೆ ಆ ಸುದ್ದಿಯನ್ನೇ ಎತ್ತಿರಲಿಲ್ಲ. ಹೊಟ್ಟೆ ಗುಂಡಗಿದ್ದದ್ದಕ್ಕೆ ಮನೆಯಲ್ಲಿ ಅದನ್ನು ಗುಂಡ ಅನ್ನುತ್ತಿದ್ದರು.

ಅವಳು ಒಂದು ಕೆಂಪು ಪ್ಲಾಸ್ಟಿಕ್ ಚಮಚ ಕೊಂಡು ತಂದಳು. ಸಂಜೆ ಅಂಗಡಿಯಿಂದ ಬಂದೊಡನೆ ಚಮಚವನ್ನು ನೀರಿನ ಮೂಲೆಯಲ್ಲಿ ಅದ್ದುವುದು, ಸ್ವಲ್ಪ ಹೊತ್ತು ಬಿಟ್ಟು ಅಲ್ಲೇ ಒಂದು ಚಿಟಿಕೆ ಆಹಾರ ಉದುರಿಸುವುದು. ಕೆಲವು ವಾರ ಹೀಗೆ ಮಾಡಿದರೆ ಚಮಚ ಕಂಡ ಕೂಡಲೇ ಮೀನು ಬರಬೇಕು. ಅದನ್ನು ವಿಡಿಯೊ ಮಾಡಿ ಪೆನ್ಸಿಲ್ಲಿನ ಬಾಯಿ ಮುಚ್ಚಿಸಬೇಕು. ತೋರಿಸುತ್ತೀನಿ ಅಂತ ಗುಂಪಿನಲ್ಲಿ ಮಾತನ್ನೂ ಕೊಟ್ಟಳು.

ಗುಂಡ ಜಪ್ಪಯ್ಯ ಅನ್ನಲಿಲ್ಲ. ಚಮಚ ಇಳಿಸಿದರೆ ಅದು ಆಚೆ ಕಡೆಯ ಮೂಲೆಯಲ್ಲಿ ಬೆನ್ನು ಹಾಕಿ ನಿಲ್ಲುತ್ತಿತ್ತು. ಆಹಾರ ಉದುರಿಸಿದರೆ ಒಂದು ತುಣುಕು ಬಾಯಿಗೆ ಹಾಕಿ ಉಗುಳುತ್ತಿತ್ತು. ನೀರು ಬೇರೆ ಯಾಕೋ ಬೇಗ ಬೇಗ ಕದಡುತ್ತಿತ್ತು. ಅವಳು ಫಿಲ್ಟರನ್ನು ಬೈದುಕೊಂಡು ನೀರು ಬದಲಿಸಿದಳು. ಕೊಟ್ಟ ಮಾತಿಗೆ ಕಟ್ಟುಬಿದ್ದು, ಇದ್ದದ್ದನ್ನು ಇದ್ದಹಾಗೇ ವಿಡಿಯೊ ಮಾಡಿ ಗುಂಪಿಗೆ ಹಾಕಿದಳು. ಜನ ಹೊಟ್ಟೆ ಹಿಡಿದು ನಕ್ಕರು. "ಕನ್ನಡಕದಕ್ಕ, ಮೀನಿಗೂ ಒಂದು ಕನ್ನಡಕ ಮಾಡಿಕೊಡಿ" ಅಂದರು. ಪೆನ್ಸಿಲ್ ಮಾತ್ರ ನಗಲಿಲ್ಲ.

"ಅದಕ್ಕೆ ಹಸಿವಿತ್ತಾ?" ಅಂತ ಕೇಳಿತು.

"ನಾನು ಹಾಕೋದೇ ಸಂಜೆ ಒಂದು ಹೊತ್ತು. ಹಸಿವಿರದೆ ಏನು?" ಅಂತ ಅವಳು ಸಿಡುಕಿದಳು.

ಉತ್ತರ ಸಿಕ್ಕಿದ್ದು ಅಂಗಡಿಯ ಬೀದಿಯಲ್ಲಿ ಕರೆಂಟು ಹೋದ ದಿನ. ಯಂತ್ರ ನಿಂತ ಮೇಲೆ ಮಾಲೀಕರು ಮಧ್ಯಾಹ್ನವೇ ಮನೆಗೆ ಕಳಿಸಿದರು. ಅವಳು ಬೀಗದ ಕೈ ಹಾಕಿ ಮೆಲ್ಲಗೆ ಬಾಗಿಲು ತೆಗೆದಳು, ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುವ ಮಾವ ಮಲಗಿರುತ್ತಾರೆ ಅಂತ. ಮಾವ ಮಲಗಿರಲಿಲ್ಲ. ತೊಟ್ಟಿಯ ಮುಂದೆ ಬಗ್ಗಿ ನಿಂತು, ಉಂಗುರದ ಬೆರಳಿನಿಂದ ಗಾಜಿನ ಮೇಲೆ ಟಕ್, ಟಕಟಕ್ ಅಂತ ಬಡಿದರು. "ಮೀಟರ್" ಅಂದರು.

ಅವರು ಕೆಲಸದಲ್ಲಿದ್ದಷ್ಟು ಕಾಲವೂ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿದವರು. ಬಾಗಿಲು ಬಡಿಯುವ ಆ ವರಸೆ ಕೈಗೆ ಅಂಟಿಕೊಂಡುಬಿಟ್ಟಿತ್ತು. ಗುಂಡ ತೊಟ್ಟಿಯ ಆ ತುದಿಯಿಂದ ಬಾಣದ ಹಾಗೆ ಬಂದು ಮಾವನ ಬೆರಳಿನೆದುರು ಬಾಯಿ ತೆರೆದು ಮುಚ್ಚತೊಡಗಿತು. ಅವರು ಡಬ್ಬಿಯಿಂದ ಧಾರಾಳವಾಗಿ ಉದುರಿಸಿ, "ತಿನ್ನಪ್ಪ ತಿನ್ನು, ಬೆಳಗ್ಗೆಯಿಂದ ಯಾರೂ ನಿನ್ನ ಮೂಸಿಲ್ಲ" ಅಂದರು. ಹೋಗಿ ಕುರ್ಚಿಯಲ್ಲಿ ಕೂತು ಪೇಪರ್ ಬಿಡಿಸಿದರು. ಅವಳು ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತಿದ್ದಳು. ಒಂದು ಪುಟ ಓದುವಷ್ಟರಲ್ಲಿ ಮಾವ ಎದ್ದರು. ತೊಟ್ಟಿಯ ಹತ್ತಿರ ಬಂದರು. ಟಕ್, ಟಕಟಕ್. "ಮೀಟರ್." ಡಬ್ಬಿ. "ತಿನ್ನಪ್ಪ, ಬೆಳಗ್ಗೆಯಿಂದ ಯಾರೂ ನಿನ್ನ ಮೂಸಿಲ್ಲ."

ಮಾವ ಒಳಗೆ ಹೋದ ಮೇಲೆ ಅವಳು ತನ್ನ ಬೆರಳಿನಿಂದ ಅದೇ ತಾಳದಲ್ಲಿ ಬಡಿದು ನೋಡಿದಳು. ಗುಂಡ ಬಂತು. ಸುಮ್ಮನೆ ಗೀರಿ ಶಬ್ದ ಮಾಡಿದಳು. ಅರ್ಧ ದಾರಿ ಬಂದು ನಿಂತಿತು.

ಅವಳಿಗೆ ಹಿಗ್ಗೋ ಹಿಗ್ಗು. ನಿಂತ ನಿಲುವಿನಲ್ಲೇ ಇನ್ನೊಮ್ಮೆ ಬಡಿದು ವಿಡಿಯೊ ಮಾಡಿ ಗುಂಪಿಗೆ ಬರೆದಳು. ಮೀನು ಚಮಚ ಕಲಿಯಲಿಲ್ಲ ಯಾಕೆಂದರೆ ಸಂಜೆಗೆ ಅದರ ಹೊಟ್ಟೆ ಬಿರಿಯುವ ಹಾಗಿರುತ್ತೆ. ಆದರೆ ಮಾವನ ಬಡಿತ ಚೆನ್ನಾಗಿ ಕಲಿತಿದೆ. ಮಾವ ಹಾಕಿದ್ದನ್ನು ಮರೆತು ಮತ್ತೆ ಮತ್ತೆ ಹಾಕುತ್ತಾರೆ, ಮೀನು ಅವರ ಪರವಾಗಿ ನೆನಪಿಟ್ಟುಕೊಂಡಿದೆ. ಮಾವನ ಮಾತನ್ನೂ ಹಾಗೇ ಬರೆದಳು. ಜನ ಮೆಚ್ಚಿದ್ದೇ ಮೆಚ್ಚಿದ್ದು. ಚಮಚ ನೋಡಿ ನಕ್ಕವರೇ ಬೆನ್ನು ತಟ್ಟಿದರು.

ಪೆನ್ಸಿಲ್ ಗುಂಪಿನಲ್ಲಿ ಏನೂ ಅನ್ನದೆ ಅವಳೊಬ್ಬಳಿಗೇ ಬರೆದಿತ್ತು.

"ಮೀನಿನ ವಿಷಯ ಆಮೇಲೆ ನೋಡೋಣ. ನಿಮ್ಮ ಮಾವನೋರಿಗೆ ಆಗ ತಾನೇ ಹಾಕಿದ್ದು ಅಷ್ಟು ಬೇಗ ಪೂರ್ತಿ ಅಳಿಸಿಹೋಗುತ್ತಾ? ಬೇರೆ ವಿಷಯದಲ್ಲೂ ಹೀಗೇ ಆಗುತ್ತಾ? ಹಾಗಿದ್ರೆ ಡಾಕ್ಟರಿಗೆ ತೋರಿಸಿ. ವಯಸ್ಸಾಯ್ತು, ಮರೆವು ಸಹಜ ಅಂತ ಹೋದ ವರ್ಷ ನಾನೇ ಇಲ್ಲಿ ಬರೆದಿದ್ದೆ. ಕನ್ನಡಕ ಎಲ್ಲಿಟ್ಟೆ ಅಂತ ಮರೆಯೋದು ಬೇರೆ, ಹಾಕಿಕೊಂಡಿದ್ದೇ ಮರೆಯೋದು ಬೇರೆ ಅಂತ ನೀವು ನನ್ನ ಕಿವಿ ಹಿಂಡಿದ್ರಿ. ನೀವು ಹೇಳಿದ್ದು ಸರಿ ಇತ್ತು."

'ನಮ್ಮನೆ ವಿಷಯ ನಿಮಗ್ಯಾಕೆ' ಅಂತ ಬರೆದಳು. ಅಳಿಸಿದಳು. ಫೋನನ್ನು ಅಕ್ಕಪಕ್ಕ ಯಾರೂ ಇಲ್ಲದಿದ್ದರೂ ಮಗುಚಿ ಇಟ್ಟಳು.

ಯಾಕೆಂದರೆ ಅವಳಿಗೆ ಗೊತ್ತಿತ್ತು. ಎದುರುಮನೆಯ ಹೆಂಗಸು ಒಂದು ದಿನ ಮೆಟ್ಟಿಲ ಬಳಿ ತಡೆದು, "ನಿಮ್ಮ ಮಾವ ಬಂದು ಮೀಟರ್ ನೋಡಬೇಕು ಅಂದ್ರು, ತಮಾಷೆ ಇರಬೇಕು ಅಂದ್ಕೊಂಡೆ" ಅಂದಿದ್ದಳು. ಇವಳೂ ತಮಾಷೆಯೇ ಅಂದುಬಿಟ್ಟಿದ್ದಳು. ಮಾವ ಹಾಲು ಕಾಯಿಸಿ ಒಲೆ ಆರಿಸದೆ ಬಿಟ್ಟದ್ದನ್ನು ಗಂಡನಿಗೆ ಹೇಳಿರಲಿಲ್ಲ. ಮುಖ ಗೊತ್ತಿಲ್ಲದವರ ಕೂದಲು, ಕೀಲುಗಳ ಬಗ್ಗೆ ಪುಟಗಟ್ಟಲೆ ಬರೆಯುವವಳು ಮನೆಯೊಳಗಿನದಕ್ಕೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅತ್ತೆ ತೀರಿಕೊಂಡ ಮೇಲೆ ಗಂಡನಿಗೆ ಅಪ್ಪ ಅಂದರೆ ಪ್ರಾಣ. ಅವನೆದುರು ಈ ಮಾತೆತ್ತುವುದು ಸುಲಭವಿರಲಿಲ್ಲ.

ಗಂಡ ಲಿಫ್ಟ್ ರಿಪೇರಿಯವನು. ಸಂಜೆ ಬಂದು ಕೈಯ ಗ್ರೀಸ್ ತಿಕ್ಕಿ ತೊಳೆಯುತ್ತಿದ್ದಾಗ ಅವಳು ಪಕ್ಕದಲ್ಲಿ ನಿಂತು ನೋಡಿದ್ದನ್ನೆಲ್ಲ ಹೇಳಿದಳು.

"ವಯಸ್ಸಾದ ಮೇಲೆ ಮರೆಯದೆ ಇನ್ನೇನು ಮಾಡ್ತಾರೆ?" ಅಂದ ಅವನು ತಲೆ ಎತ್ತದೆ.

"ಮರೆಯೋದೆಲ್ಲ ವಯಸ್ಸಿಗೇ ಅಲ್ಲ ಕಣ್ರೀ."

"ನಿನಗೆ ಎಲ್ಲದರಲ್ಲೂ ತಪ್ಪು ಹುಡುಕೋ ರೋಗ. ಫೋನಲ್ಲಿ ಸಿಕ್ಕೋರು ಸಾಕಾಗಲಿಲ್ಲ, ಈಗ ನಮ್ಮಪ್ಪ."

ಬೇರೆ ಯಾರಾದರೂ ಆಗಿದ್ದರೆ ಅವಳು ಇಂಥದ್ದಕ್ಕೆ ಮೂರು ಉತ್ತರ ಬಿಸಾಡುತ್ತಿದ್ದಳು. ಇಲ್ಲಿ ಟವೆಲ್ ಕೊಟ್ಟು ಒಳಗೆ ಹೋದಳು. ಇಬ್ಬರೂ ಮುಖ ಗಂಟಿಕ್ಕಿಕೊಂಡೇ ಉಂಡರು. ಮಾವ ಒಬ್ಬರೇ ಚೆನ್ನಾಗಿ ಉಂಡು, ಇವತ್ತು ಸೊಸೆ ಬೇಗ ಬಂದದ್ದು ಒಳ್ಳೆಯದಾಯಿತು ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಇವತ್ತು ಯಾಕಮ್ಮ ಲೇಟು?" ಅಂತ ಕೇಳಿದರು. ಗಂಡ ತಟ್ಟೆ ಎತ್ತಿಕೊಂಡು ಎದ್ದುಹೋದ.

ಬೆಳಗ್ಗೆ ಅವಳು ಮತ್ತೆ ವಾದ ಎತ್ತಲಿಲ್ಲ. "ನಾನು ಹೇಳಿದ್ದನ್ನ ನಂಬಬೇಡಿ" ಅಂದಳು. "ನಿಮಗೆ ರಜೆ ಇರೋ ದಿನ ಹೊರಗೆ ತಿರುಗೋಕೆ ಹೋಗದೆ ಮನೇಲಿ ಕೂತು ನೀವೇ ನೋಡಿ. ಆಮೇಲೆ ಏನೂ ಇಲ್ಲ ಅಂದ್ರೆ ನಾನು ಈ ಮಾತು ಮತ್ತೆ ಆಡಲ್ಲ."

ಅವನು ರಜೆಯ ದಿನ ಎಲ್ಲಿಗೂ ಹೋಗಲಿಲ್ಲ. ಸಂಜೆ ಅವಳು ಅಂಗಡಿಯಿಂದ ಬಂದಾಗ ಕೆಳಗಿನ ಮೆಟ್ಟಿಲ ಮೇಲೆ ಬರಿಗಾಲಲ್ಲಿ ಕೂತಿದ್ದ.

"ಎಷ್ಟು ಸಲ ಅಂತ ಎಣಿಸೋದೇ ಬಿಟ್ಟೆ" ಅಂದ. "ಅದಾದ್ರೂ ಹೋಗಲಿ. ನನ್ನ ರೂಮಿಗೆ ಬಂದು, ಯಾವಾಗ ಬಂದೆ ಮಗನೇ, ಅಂದ್ರು. ಈಗ ಬಂದೆ ಅಂದೆ. ತಿರುಗಿ ಹೋಗಿ ಮತ್ತೆ ಬಂದು, ಯಾವಾಗ ಬಂದೆ ಅಂದ್ರು. ಅಷ್ಟೇ ಖುಷಿಯಾಗಿ."

ಅವಳು ಅವನ ಪಕ್ಕ ಕೂತಳು. ನಾನು ಹೇಳಲಿಲ್ಲವೇ ಅನ್ನುವ ಮಾತು ನಾಲಿಗೆಯ ತುದಿಗೂ ಬರಲಿಲ್ಲ.

ಮಾವನನ್ನು ಒಪ್ಪಿಸುವುದು ಇನ್ನೊಂದು ಪಾಡು. "ನನಗೇನು ಧಾಡಿ? ಗುಂಡುಕಲ್ಲಿನ ಹಾಗಿದ್ದೀನಿ" ಅಂದರು.

"ಮೀಟರ್ ಓಡ್ತಾ ಇದೆ ಅಪ್ಪ. ಸರಿಯಾಗಿ ಓಡ್ತಿದೆಯಾ ಅಂತ ಒಂದು ಸಲ ಚೆಕ್ ಮಾಡಿಸೋದು ಬೇಡವಾ?" ಅಂದ ಮಗ.

ಮಾವ ಅವನ ಮುಖವನ್ನೇ ನೋಡಿದರು. "ನನ್ನ ಮಾತು ನನಗೇ ತಿರುಗಿಸ್ತೀಯಾ" ಅಂತ ಗೊಣಗಿ, ಎದ್ದು ಒಗೆದ ಅಂಗಿ ಹುಡುಕಿದರು.

ಡಾಕ್ಟರಮ್ಮ ಅವಸರ ಮಾಡಲಿಲ್ಲ. ಗಡಿಯಾರದ ಚಿತ್ರ ಬರೆಸಿದರು, ಕೆಲವು ಪದ ಹೇಳಿ ಆಮೇಲೆ ಕೇಳಿದರು, ರಕ್ತ ಪರೀಕ್ಷೆಗೆ ಕಳಿಸಿದರು. ಎರಡನೆಯ ಸಲ ಹೋದಾಗ, ಮೈಯಲ್ಲಿ ಒಂದು ವಿಟಮಿನ್ ತೀರಾ ತಳ ಕಂಡಿದೆ, ಅದಕ್ಕೆ ಇಂಜೆಕ್ಷನ್ ಕೊಡೋಣ ಅಂದರು. "ಇದರಿಂದ ಸ್ವಲ್ಪ ವಾಪಸ್ ಬರಬಹುದು. ಎಲ್ಲ ಬರುತ್ತೆ ಅಂತ ಮಾತು ಕೊಡಲ್ಲ. ಉಳಿದಿದ್ದಕ್ಕೆ ಬೇರೆ ಕಾರಣ ಇದೆಯಾ ಅಂತಾನೂ ನೋಡ್ತಾ ಇರಬೇಕು. ಸುಮ್ಮನೆ ಮನೇಲಿ ಇಟ್ಟುಕೊಂಡು ಕೂರದೆ ಕರ್ಕೊಂಡು ಬಂದ್ರಲ್ಲ, ಒಳ್ಳೇದಾಯ್ತು."

ಅವರು ಹೇಳಿದ ಹಾಗೇ ಆಯಿತು. ಸ್ವಲ್ಪ ಬಂತು, ಎಲ್ಲ ಬರಲಿಲ್ಲ. ಮಾವ ಎದುರುಮನೆಯ ಬಾಗಿಲು ಬಡಿಯುವುದು ನಿಂತಿತು. ನಡೆಯುವಾಗ ಗೋಡೆ ಹಿಡಿಯುತ್ತಿದ್ದವರು ಕೈ ಬೀಸಿಕೊಂಡು ನಡೆದರು. ಸಂಜೆಯಾದರೆ ಕೇಳಿದ್ದನ್ನೇ ಕೇಳುವುದು ಉಳಿಯಿತು. ಮೀನಿನ ಡಬ್ಬಿಯನ್ನು ಅವಳು ಮೇಲೆ ಎತ್ತಿಟ್ಟು, ಅಂಗಡಿಯಲ್ಲಿ ಕನ್ನಡಕದ ಸ್ಕ್ರೂ ಹಾಕಿಡುವಂಥ ಒಂದು ಪುಟ್ಟ ಡಬ್ಬಿಯಲ್ಲಿ ಅವತ್ತಿನ ಚಿಟಿಕೆಯನ್ನಷ್ಟೇ ಇಡುತ್ತಿದ್ದಳು. ಮಾವ ಮತ್ತೆ ಬಂದರೂ ಡಬ್ಬಿ ಖಾಲಿ ಕಂಡು, "ಓ, ಹಾಕಿಯಾಗಿದೆ" ಅಂತ ತಮ್ಮಷ್ಟಕ್ಕೇ ಹೇಳಿಕೊಂಡು ಹೋಗುತ್ತಿದ್ದರು. ಒಂದೊಂದು ದಿನ ರೇಗುತ್ತಿದ್ದರು. ಆಗ ಮಗ ಅವರನ್ನು ಹೊರಗೆ ನಡೆದಾಡಲು ಕರೆದುಕೊಂಡು ಹೋಗುತ್ತಿದ್ದ.

ಪೆನ್ಸಿಲ್ಲಿಗೆ ಅವಳು ನಡೆದದ್ದನ್ನು ನಾಲ್ಕೇ ಸಾಲಿನಲ್ಲಿ ಬರೆದಳು. ನೀವು ಕೇಳದೆ ಬಿಟ್ಟಿದ್ದರೆ ನಾನು ಮುಚ್ಚಿಟ್ಟುಕೊಂಡೇ ಇರುತ್ತಿದ್ದೆ ಅಂತಲೂ ಬರೆದಳು. ಪೆನ್ಸಿಲ್ ಗುಂಪಿನಲ್ಲಿ ಎಲ್ಲರೆದುರು, "ಮೂರು ಸೆಕೆಂಡಿನ ವಿಷಯದಲ್ಲಿ ಸೋತೆ. ತಿಂಗಳುಗಟ್ಟಲೆ ಅನ್ನೋದು ಮಾತ್ರ ಇನ್ನೂ ಸಾಬೀತಾಗಿಲ್ಲ" ಅಂತ ಹಾಕಿತು.

ಸಂಜೆ ಅವಳು ಅದನ್ನು ಓದಿ ನಗುತ್ತಿದ್ದಾಗ ಮಾವ ಏನಮ್ಮ ಅಂತ ಕುರ್ಚಿ ಎಳೆದುಕೊಂಡು ಬಂದರು. ಅವಳು ಗುಂಪಿನ ಜಗಳಗಳನ್ನು ಒಂದೊಂದಾಗಿ ಓದಿ ಹೇಳಿದಳು. ರಿಮೋಟಿನಲ್ಲಿ ಟಿವಿ ಆರಿಸಿದರೆ ಕರೆಂಟೇ ಖರ್ಚಾಗುವುದಿಲ್ಲ ಅಂತ ಯಾರೋ ಹಾಕಿದ್ದರು. ಮಾವನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. "ಬರಿ ಅವನಿಗೆ" ಅಂದರು. ರಿಮೋಟ್ ಒತ್ತಿದರೂ ಒಂದಿಷ್ಟು ಎಳೆಯುತ್ತಲೇ ಇರುತ್ತೆ, ಗೋಡೆಯ ಸ್ವಿಚ್ಚು ಆರಿಸಿದರೆ ಮಾತ್ರ ನಿಲ್ಲುತ್ತೆ, ಬೇಕಾದರೆ ಮನೆಯಲ್ಲಿ ಉಳಿದಿದ್ದೆಲ್ಲ ಆರಿಸಿ ಮೀಟರಿನ ಮುಂದೆ ತಾಳ್ಮೆಯಾಗಿ ನಿಂತು ನೋಡು ಅಂತ ಬಿಡಿಸಿ ಬಿಡಿಸಿ ಹೇಳಿದರು. ಅವಳು ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಹಾಕಿದಳು. ತೋರಿಸಿ ಅಂತ ಪೆನ್ಸಿಲ್ ಬಂದೇ ಬಂತು.

ಮಾರನೆಯ ಸಂಜೆ ಅದನ್ನು ಮತ್ತೆ ಓದಿದಾಗ ಮಾವ ಕಿವಿಗೊಟ್ಟು ಕೇಳಿ ತಲೆದೂಗಿದರು. "ಸರಿಯಾಗಿ ಬರೆದಿದ್ದಾನೆ. ಯಾರಮ್ಮ ಇವನು?"

"ನೀವೇ ಮಾವ. ನಿನ್ನೆ ನೀವು ಹೇಳಿದ್ದು."

"ಹೌದಾ?" ಅವರು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, "ಅದಕ್ಕೆ ಆ ಪೆನ್ಸಿಲ್ ಏನಂದ, ಓದು" ಅಂದರು.