ಬಿರಾಮ್ ಬಂದ ಮಧ್ಯಾಹ್ನ

ಫ್ರೆಂಚರ ಯುದ್ಧಕ್ಕೆ ಹೋದ ಕರಿಯ ಸೈನಿಕರ ಫೋಟೊಗಳನ್ನು ಛಾಯಾಗ್ರಾಹಕಿ ಕುಂಬಾ ಸೆಕ್ ಊರೂರು ಅಲೆದು ಹುಡುಕಿದ್ದಳು. ಸಿಕ್ಕವುಗಳಲ್ಲಿ ಒಂದಕ್ಕೂ ಹೆಸರಿರಲಿಲ್ಲ. ಅವಳ ಅಜ್ಜಿ ಪೆಂದಾಳ ಅಪ್ಪ ಬಿರಾಮನದು ಎನ್ನಬಹುದಾದದ್ದಂತೂ ಸಿಗಲೇ ಇಲ್ಲ. ಮಗಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ, ಆಗ ಹಡಗು ಹತ್ತಿದವನು ಅವನು. ತಿರುಗಿ ಬರಲಿಲ್ಲ. ಸತ್ತನೆಂದು ಹೇಳಲೂ ಯಾರೂ ಬರಲಿಲ್ಲ.

ಸಿಗದವರನ್ನು ಕುಂಬಾ ತನ್ನ ಮುಖದಲ್ಲೇ ಕರೆತರುತ್ತಿದ್ದಳು. ಗುಲಾಮಳಾಗಿ, ರಾಣಿಯಾಗಿ, ಬಿಳಿಯರ ಮಗುವಿಗೆ ಹಾಲೂಡಿಸುವ ದಾದಿಯಾಗಿ ತಾನೇ ನಿಂತು ಫೋಟೊ ತೆಗೆದುಕೊಂಡಿದ್ದಳು. ಡಾಕಾರಿನಲ್ಲಿ ನಡೆಯಲಿದ್ದ ಪ್ರದರ್ಶನಕ್ಕೆಂದು ಈ ಸಲ ಬಿರಾಮನ ಸರದಿ. ಸೇಂಟ್ ಲೂಯಿಯ ತಮ್ಮ ಮನೆಯಂಗಳದಲ್ಲಿ ಬಟ್ಟೆಯ ಪರದೆ ಕಟ್ಟಿ, ದರ್ಜಿಯಿಂದ ಹೊಲಿಸಿದ ಖಾಕಿ ಕೋಟು ತೊಟ್ಟು, ತಲೆಗೆ ಆ ಸೈನಿಕರ ಕೆಂಪು ಟೋಪಿ ಇಟ್ಟಳು.

"ಮದುವೆಯಾಗೋಕೆ ಒಂದು ಗಂಡು ನೋಡ್ಕೊಳ್ಳೇ ಅಂದ್ರೆ ನೀನೇ ಗಂಡಾಗಿ ನಿಂತಿದೀಯಲ್ಲ," ಎಂದಳು ಮೀನು ಹೆಚ್ಚುತ್ತಿದ್ದ ತಾಯಿ ಅಸ್ತೂ.

"ಸ್ವಲ್ಪ ಮರ್ಯಾದೆ ಇರ್ಲಿ. ನಿನ್ನ ತಾತ ನಾನು."

ಇಬ್ಬರೂ ನಗುತ್ತಿದ್ದಾಗ ಪೆಂದಾ ಮಲಗಿದ್ದವಳು ಎದ್ದು ಬಾಗಿಲಿಗೆ ಬಂದಳು. ಈಚೆಗೆ ಅವಳಿಗೆ ನೆನಪು ಹಿಂದುಮುಂದಾಗುತ್ತಿತ್ತು. ಗೋಡೆ ಹಿಡಿದು ಅಂಗಳಕ್ಕಿಳಿದು ಕೋಟಿನ ತೋಳು ಮುಟ್ಟಿದಳು.

"ಅಪ್ಪಾ, ಇಷ್ಟು ತಡ ಮಾಡೋದಾ? ಅಮ್ಮ ಕಾದೂ ಕಾದೂ ಹೋಗ್ಬಿಟ್ಲು."

ಟೋಪಿ ತೆಗೆದುಬಿಡಬೇಕಿತ್ತು. ಕುಂಬಾಳ ಕೈ ಏಳಲಿಲ್ಲ. ತೊಂಬತ್ತರ ಹತ್ತಿರದ ಆ ಮುಖ ಪುಟ್ಟ ಹುಡುಗಿಯದಾಗಿತ್ತು.

"ಮತ್ತೆ ಹೋಗ್ತೀಯಾ?"

"ಹೋಗಿ ಬರ್ತೀನಿ ಮಗಳೇ." ಬಾಯಿಗೆ ಬಂದದ್ದು ಅಷ್ಟೇ.

ಮರುದಿನದಿಂದ ಪೆಂದಾ ಮಿಂದು, ಹಬ್ಬದ ನಿಲುವಂಗಿ ತೊಟ್ಟು, ಬೀದಿಬಾಗಿಲಲ್ಲಿ ಕೂರತೊಡಗಿದಳು. ಊಟಕ್ಕೆ ಕುಳಿತರೆ ಮೀನಿನ ದೊಡ್ಡ ತುಂಡನ್ನು ತೆಗೆದಿಡುತ್ತಿದ್ದಳು. ಅದು ಅಪ್ಪನದು. ಕತ್ತಲಾದರೂ ಒಳಗೆ ಬರಲೊಲ್ಲಳು. ಕರೆದರೆ ಅಳುತ್ತಿದ್ದಳು.

"ನೀನು ಹಚ್ಚಿದ ಬೆಂಕಿ. ನೀನೇ ಆರಿಸು," ಎಂದಳು ಅಸ್ತೂ.

ಕುಂಬಾ ಮತ್ತೆ ಕೋಟು ತೊಟ್ಟು, ಈ ಸಲ ಬಿರಾಮ್ ಹಿಂದಿರುಗಿದಂತೆ ಬೀದಿಯ ಕಡೆಯಿಂದ ನಡೆದುಬಂದಳು. ಪೆಂದಾ ಬಹಳ ಹೊತ್ತು ದಿಟ್ಟಿಸಿದಳು.

"ಕುಂಬಾ, ಬಿಚ್ಚಿ ಹಾಕೇ ಅದನ್ನ. ಅದು ಹಾಕ್ಕೊಂಡವರನ್ನ ಕರ್ಕೊಂಡು ಹೋಗ್ತಾರೆ." ಕೋಲಿನಿಂದ ಮೊಮ್ಮಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. "ದಾರಿಗೆ ಅಡ್ಡ ನಿಲ್ಬೇಡ. ಅಪ್ಪ ಬರೋ ಹೊತ್ತು."

ಮಳೆಗಾಲ ಬರುವ ಮುಂಚೆ, ಒಂದು ಸಂಜೆ, ಆ ಬಾಗಿಲಲ್ಲೇ ಪೆಂದಾಳ ಉಸಿರು ನಿಂತಿತು.

ಮಣ್ಣು ಮಾಡಿ ಗಂಡಸರು ಹಿಂದಿರುಗಿದ ಮೇಲೆ ತಾಯಿ ಮಗಳು ಅಂಗಳದಲ್ಲಿ ಕುಳಿತರು.

"ನಾನು ಸುಳ್ಳು ಹೇಳಿದೆ ಅಮ್ಮಾ."

"ಅವಳಪ್ಪ ಸತ್ತು ಎಷ್ಟೋ ಕಾಲವಾಯ್ತು ಅಂತ ಹೇಳೋಕಾಗ್ತಿತ್ತಾ ನಿಂಗೆ, ಆ ಮುಖ ನೋಡ್ಕೊಂಡು?"

"ಆಗ್ಲೇ ಯಾರಾದ್ರೂ ಹೇಳಿದ್ದಿದ್ರೆ ಚಿಕ್ಕಂದಿನಲ್ಲೇ ಅತ್ತು ಮುಗಿಸ್ತಿದ್ಲು."

ಅಸ್ತೂ ಮಗಳ ತಲೆಯನ್ನು ತೊಡೆಗೆ ಎಳೆದುಕೊಂಡಳು. ಬಿರಾಮನಾಗಿ ನಿಂತು ತೆಗೆದ ಫೋಟೊಗಳನ್ನು ಕುಂಬಾ ಡಾಕಾರಿನ ಪ್ರದರ್ಶನಕ್ಕೆ ಕಳುಹಿಸಲಿಲ್ಲ. ಆ ವರ್ಷವೆಲ್ಲ ಅವಳು ಬೇರೆಯವರಂತೆ ವೇಷ ತೊಡಲೂ ಇಲ್ಲ.